ವಾಸನೆ ನಿಂತ ದಿನ

ನಾನು ಹುಟ್ಟಾ ಅಂಜುಬುರುಕಿ. ಹಲ್ಲಿ ಕಂಡರೆ ಅಂಜಿಕೆ, ಗುಡುಗಿದರೆ ಅಂಜಿಕೆ, ಬಸ್ಸು ಸೇತುವೆಯ ಮೇಲೆ ನಿಂತರೆ ಅಂಜಿಕೆ. ಕುಕ್ಕರು ಸೀಟಿ ಹಾಕುವಾಗ ಈಗಲೂ ಒಲೆಯಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಇಂಥವಳಿಗೆ ಗಂಟುಬಿದ್ದ ಕೆಲಸ ನೋಡಿ: ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ ಹುಟ್ಟುವ ಗ್ಯಾಸನ್ನು ಅಳೆಯುವ ಮೀಟರುಗಳ ಉಸ್ತುವಾರಿ.

ಊರಿನ ಮೋರಿ ನೀರೆಲ್ಲ ಹರಿದು ಬರುವುದು ಅಲ್ಲಿಗೆ. ಅದರ ಕೆಸರನ್ನು ಮುಚ್ಚಿದ ದೊಡ್ಡ ಗುಮ್ಮಟದಲ್ಲಿ ಕೊಳೆಯಲು ಬಿಟ್ಟರೆ ಗ್ಯಾಸು ಏಳುತ್ತದೆ. ಆ ಗ್ಯಾಸು ಕೊಳವೆಯಲ್ಲಿ ಹೋಗಿ ಎಂಜಿನ್ನು ಸೇರಿ ಕರೆಂಟಾಗುತ್ತದೆ, ಆ ಕರೆಂಟಿನಿಂದಲೇ ಘಟಕದ ಅರ್ಧ ಮೋಟರುಗಳು ತಿರುಗುತ್ತವೆ. ಗುಮ್ಮಟಕ್ಕೂ ಎಂಜಿನ್ನಿಗೂ ನಡುವೆ ಕೊಳವೆಗೆ ಚುಚ್ಚಿಟ್ಟ ಮೀಟರು, ತಾಸಿಗೆ ಎಷ್ಟು ಗ್ಯಾಸು ದಾಟಿತೆಂದು ಹೇಳುತ್ತದೆ. ಅದು ಸುಳ್ಳು ಹೇಳದ ಹಾಗೆ ನೋಡಿಕೊಳ್ಳುವುದಕ್ಕೆ ನನಗೆ ಸಂಬಳ. ಆರೇಳು ಘಟಕಗಳು ನನ್ನ ಪಾಲಿಗೆ. ನಾನು ಹೇಳಹೊರಟಿರುವ ಘಟಕ ಮಕ್ತಲ್ ದಾಟಿ ಗದ್ವಾಲದ ಕಡೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಇದೆ ಎಂದಷ್ಟೇ ಇಟ್ಟುಕೊಳ್ಳಿ. ಊರ ಹೆಸರು ಬರೆದರೆ ಅಲ್ಲಿ ಇವತ್ತಿಗೂ ದುಡಿಯುವವರ ಮೇಲೆ ಬರುತ್ತದೆ, ಮತ್ತು ತಪ್ಪು ಅವರದಲ್ಲ.

ಅಲ್ಲಿ ಅಪ್ಪನಿಗೆ ಕೆಲಸ ಕೊಡಿಸಿದ್ದು ನಾನೇ. ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಅಪ್ಪ ನಲವತ್ತು ವರ್ಷ ಸೀರೆ ನೇಯ್ದವನು. ನಮ್ಮದು ಕುಣಿ ಮಗ್ಗ. ನೆಲದಲ್ಲಿ ಮೊಳಕಾಲುದ್ದದ ಕುಣಿ ತೋಡಿರುತ್ತಾರೆ. ನೇಯುವವನು ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು, ಅಲ್ಲಿರುವ ಮೆಟ್ಟುಗಳನ್ನು ತುಳಿಯುತ್ತಾ ಮೇಲೆ ಕೈಯಿಂದ ಲಾಳಿ ಓಡಿಸಬೇಕು. ಅಪ್ಪ ಉಣ್ಣುತ್ತಿದ್ದುದೂ ಕಾಲು ಕುಣಿಯಲ್ಲಿಟ್ಟುಕೊಂಡೇ, ಬಂದ ನೆಂಟರನ್ನು ಮಾತಾಡಿಸುತ್ತಿದ್ದುದೂ ಹಾಗೆಯೇ. ಬಲಭುಜ ಕೈಕೊಟ್ಟ ಮೇಲೆ ಮಗ್ಗ ನಿಂತಿತು. ಸುಮ್ಮನೆ ಕೂತ ಅಪ್ಪ ದಿನಕ್ಕೊಂದು ಜಗಳ ತೆಗೆಯಲು ಶುರುಮಾಡಿದ. ಅವ್ವ ನನ್ನ ಬೆನ್ನು ಹತ್ತಿದಳು. ನಾನು ಘಟಕದ ಇನ್‌ಚಾರ್ಜ್ ಸಾಹೇಬರ ಕೈಕಾಲು ಹಿಡಿದೆ. ಹಗಲು ಪಾಳಿ, ಹಗುರ ಕೆಲಸ: ವಾಲ್ವು ತಿರುಗಿಸುವುದು, ಅಂಕಿ ಬರೆದಿಡುವುದು, ಗ್ಯಾಸ್ ಕೊಳವೆಯ ನೀರು ಬಿಡುವುದು.

ಈ ನೀರಿನ ವಿಷಯ ಸ್ವಲ್ಪ ಹೇಳಬೇಕು. ಗುಮ್ಮಟದಿಂದ ಬರುವ ಗ್ಯಾಸು ಬೆಚ್ಚಗೆ, ಒದ್ದೆಯಾಗಿ ಇರುತ್ತದೆ. ಹೊರಗಿನ ಕೊಳವೆಯಲ್ಲಿ ತಣ್ಣಗಾದಾಗ ಹನಿಗಟ್ಟುತ್ತದೆ. ಹನಿ ಹೋಗಿ ಕೊಳವೆಯೊಳಗೆ ಚಾಚಿದ ಮೀಟರಿನ ಕಡ್ಡಿಗೆ ತಾಗಿತೋ, ಅಂಕಿ ಹುಚ್ಚೆದ್ದು ಕುಣಿಯುತ್ತದೆ. ಅದಕ್ಕೇ ಮೀಟರಿಗಿಂತ ಮೊದಲು, ಕೊಳವೆಯ ತಗ್ಗಿನಲ್ಲಿ ಒಂದು ಬಾಗಿದ ತುಂಡು ಇಟ್ಟಿರುತ್ತಾರೆ, ಅಡುಗೆಮನೆಯ ಸಿಂಕಿನ ಕೆಳಗೆ ಇರುತ್ತದಲ್ಲ ಅಂಥದ್ದು. ನೀರು ಅದರಲ್ಲಿ ಬಂದು ನಿಲ್ಲುತ್ತದೆ, ಹೆಚ್ಚಾದದ್ದು ತಾನಾಗಿ ಹೊರಗೆ ಹರಿಯುತ್ತದೆ. ಗೇಣುದ್ದ ನೀರು ಮಾತ್ರ ಅಲ್ಲಿ ಯಾವಾಗಲೂ ಇರಲೇಬೇಕು. ಆ ನೀರೇ ಗ್ಯಾಸಿಗೆ ಹಾಕಿದ ಬಾಗಿಲು. ಇದೆಲ್ಲ ಇರುವುದು ಗುಮ್ಮಟದ ಹಿಂದಿನ ಒಂದು ಕುಣಿಯಲ್ಲಿ, ಸೊಂಟದಷ್ಟು ಆಳ.

ಚಳಿಗಾಲದಲ್ಲಿ, ಅಪ್ಪ ಸೇರಿದ ಮೊದಲ ವಾರ ಮೀಟರು ಸಿಕ್ಕಾಪಟ್ಟೆ ಕುಣಿಯುತ್ತಿತ್ತು. ನನಗೆ ಇನ್ನೊಂದು ಘಟಕಕ್ಕೆ ಹೋಗುವ ಅವಸರ. ಗೇಟಿನ ಹತ್ತಿರ ನಿಂತು, ಹೆಲ್ಮೆಟ್ಟು ಹಾಕಿಕೊಳ್ಳುತ್ತಾ ಹೇಳಿದೆ, "ಅಪ್ಪಾ, ಪೈಪಿನ್ಯಾಗ ನೀರು ಉಳೀಬಾರದು ನೋಡು. ಒಂದು ಹನಿನೂ ಬಿಡಬ್ಯಾಡ."

ನಾನು ಹೇಳಿದ್ದು ಮೇಲಿನ ಕೊಳವೆಯ ಮಾತು. ಬಾಗಿದ ತುಂಡಿನ ಮಾತು ಬಿಡಿಸಿ ಹೇಳಲಿಲ್ಲ. ಅಪ್ಪನಿಗೆ ಹೇಳಿದ ಕೆಲಸ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಸೀರೆಯ ಸೆರಗಿನಲ್ಲಿ ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ನೇಯ್ದ ಮನುಷ್ಯ. ಬಾಗಿದ ತುಂಡಿನ ತಳದಲ್ಲಿ, ಯಾವಾಗಲೋ ಒಮ್ಮೆ ತೊಳೆಯುವುದಕ್ಕೆಂದು ಇಟ್ಟ ಸಣ್ಣ ನಲ್ಲಿ ಇತ್ತು. ಅಪ್ಪ ದಿನಾ ಹನ್ನೊಂದಕ್ಕೆ ಅದನ್ನು ತೆರೆದು, ಕೊನೆಯ ಹನಿ ಬೀಳುವ ತನಕ ಕಾಯ್ದು, ಬಟ್ಟೆಯಿಂದ ಒರೆಸಿ ಮುಚ್ಚುತ್ತಿದ್ದ. ಅವನಿಗಿಂತ ಮೊದಲಿದ್ದವರು ಅದನ್ನು ಮುಟ್ಟುತ್ತಲೇ ಇರಲಿಲ್ಲವಂತೆ. ಮೇಲೆ ನಿಂತು ಒಮ್ಮೆ ಇಣುಕಿ ನೋಡಿ ಹೋಗುತ್ತಿದ್ದರು. ಅಪ್ಪನ ಮೊಳಕಾಲು ಪೂರಾ ಮಡಚುವುದಿಲ್ಲ, ಕುಕ್ಕರಗಾಲಲ್ಲಿ ಕೂರಲಾರ. ಕುಣಿ ಕಂಡದ್ದೇ ತಡ, ಅಂಚಿಗೆ ಒಂದು ಗೋಣಿಚೀಲ ಹಾಸಿ, ಕಾಲು ಒಳಗೆ ಇಳಿಬಿಟ್ಟು ಕೂತುಬಿಟ್ಟ. ನಾನು ಒಮ್ಮೆ ನೋಡಿ ನಕ್ಕಿದ್ದೆ. "ಮಗ್ಗ ಸಿಕ್ತಲ್ಲಪ್ಪಾ ನಿನಗ" ಅಂದಿದ್ದೆ. ಫೋನು ಒಯ್ಯಬಾರದ ಜಾಗದಲ್ಲೇ ಫೋಟೋ ತೆಗೆದು ಅವ್ವನಿಗೆ ಕಳಿಸಿದ್ದೆ. ಹಲ್ಲಿಗೆ ಅಂಜುವ ನನಗೆ, ಆ ಚಿತ್ರ ನೋಡಿ ಒಂದು ಕೂದಲೂ ನಿಮಿರಲಿಲ್ಲ.

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರಿದ ಮೇಲೆ ಮೀಟರಿನ ಅಂಕಿ ಇಳಿಯತೊಡಗಿತು. ದಿನದ ಗ್ಯಾಸಿನ ಮೊತ್ತ ಕಡಿಮೆ, ಎಂಜಿನ್ನು ಓಡುವ ತಾಸು ಕಡಿಮೆ. ಇನ್‌ಚಾರ್ಜ್ ಸಾಹೇಬರು ನನ್ನನ್ನು ಕರೆಸಿದರು. ನಾನು ಮೀಟರು ಬಿಚ್ಚಿದೆ, ಕಡ್ಡಿ ಒರೆಸಿದೆ, ಗ್ಯಾಸು ನಿಲ್ಲಿಸಿ ಸೊನ್ನೆ ನೋಡಿದೆ, ಸರಿಯಾಗಿತ್ತು. ನನ್ನ ಹತ್ತಿರವಿದ್ದ ಇನ್ನೊಂದು ಮೀಟರಿಗೆ ಹೋಲಿಸಿದೆ, ಅದೂ ಸರಿ.

"ಮೀಟರ್ ಬರಾಬರ್ ಐತ್ರಿ ಸಾಹೇಬ್ರ" ಅಂದೆ.

ಅವರು ಕುರ್ಚಿಯಲ್ಲಿ ಹಿಂದೆ ಒರಗಿ ನಕ್ಕರು. "ಮೇಡಂ, ಕೆಸರು ಅಷ್ಟ ಐತಿ, ಗುಮ್ಮಟ ಅದ ಐತಿ. ಮತ್ತ ಗ್ಯಾಸ್ ಎಲ್ಲಿಗೆ ಹೋಗ್ತೈತ್ರಿ, ಮುಗಿಲಿಗೇನು? ನಿಮ್ಮ ಮೀಟರ ಕಡಿಮಿ ತೋರಸ್ತೈತಿ. ಮ್ಯಾಲಿನವರು ಕೇಳಾಕ ಹತ್ಯಾರ. ನಿಮಗ ಆಗಲ್ಲಂದ್ರ ಹೇಳ್ರಿ, ಹೈದರಾಬಾದಿನಿಂದ ಯಾರನ್ನರ ಕರಸ್ತೀವಿ."

ಹೈದರಾಬಾದಿನವರು ಬಂದು, ಈ ಹೆಣ್ಣುಮಗಳಿಗೆ ಏನೂ ಬರುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟರೆ? ಗ್ಯಾಸು ಎಲ್ಲಿಗೆ ಹೋಗುತ್ತದೆ ಎಂದು ಅವರು ನಗುತ್ತಾ ಕೇಳಿದ ಪ್ರಶ್ನೆಯನ್ನೇ ನಾನು ನಗದೆ ಕೇಳಿಕೊಂಡಿದ್ದರೆ ಆಗುತ್ತಿತ್ತು. ಕೇಳಿಕೊಳ್ಳಲಿಲ್ಲ. ಮೀಟರಿನೊಳಗೆ ಒಂದು ಗುಣಕ ಇರುತ್ತದೆ, ಅಳೆದದ್ದನ್ನು ಅದರಿಂದ ಗುಣಿಸಿ ತೋರಿಸುತ್ತದೆ. ಅದನ್ನು ಬದಲಿಸುವ ಗುಪ್ತ ಸಂಖ್ಯೆ ನನಗೊಬ್ಬಳಿಗೇ ಗೊತ್ತು. ಸಂಜೆಯೊಳಗೆ ಅದನ್ನು ಒಂದಿಷ್ಟು ಮೇಲಕ್ಕೆ ಒತ್ತಿದೆ. ಅಂಕಿ ಹಳೆಯ ಜಾಗಕ್ಕೆ ಬಂದು ಕೂತಿತು. ಸಾಹೇಬರು ಚಹಾ ತರಿಸಿದರು. ಕುಡಿದು ಬಂದೆ, ರುಚಿಯಾಗಿಯೇ ಇತ್ತು.

ಎಂಜಿನ್ನು ನೋಡಿಕೊಳ್ಳುವ ಹಿರಿಯರೊಬ್ಬರು ಇದ್ದರು, ತೆಲುಗಿನವರು. ಮುಂದಿನ ವಾರ ಅವರು ಕಿವಿಗೆ ಹಾಕಿದ ಮುಚ್ಚಳ ಸರಿಸಿ, "ಅಮ್ಮಾ, ಮೀಟರ್‌ಲೋ ಉನ್ನಂತ ಗ್ಯಾಸು ಇಂಜಿನ್‌ಕಿ ರಾವಟ್ಲೇದು" ಅಂದರು. ಮೀಟರು ಹೇಳುವಷ್ಟು ಗ್ಯಾಸು ಎಂಜಿನ್ನಿಗೆ ಬರುತ್ತಿಲ್ಲ. ನಾನು, ಎಂಜಿನ್ನು ಹಳೆಯದಾಯಿತು, ಹೆಚ್ಚು ತಿನ್ನುತ್ತದೆ ಎಂದು ಬಾಯಿಗೆ ಬಂದ ಕಾರಣ ಹೇಳಿ ದಾಟಿಕೊಂಡೆ.

ಆಮೇಲೆ ಮನೆಯಲ್ಲಿ ಅಪ್ಪನಿಗೆ ಸಂಜೆಯಾದರೆ ತಲೆನೋವು, ಕಣ್ಣು ಕೆಂಪು. ಅವ್ವ ಕಣ್ಣಿಗೆ ಹಾಲಿನ ಬಟ್ಟೆ ಇಟ್ಟಳು. ಅವನ ಅಂಗಿಯನ್ನು ಬೇರೆ ಬಕೆಟಿನಲ್ಲಿ ನೆನೆಹಾಕುತ್ತಿದ್ದಳು, ಕೆಟ್ಟ ತತ್ತಿ ವಾಸನೆ ಹೊಡೆಯುತ್ತದೆ ಎಂದು ಮೂಗು ಮುರಿಯುತ್ತಿದ್ದಳು. ನಾನೂ ಮೂಗು ಮುರಿದೆ. ಘಟಕದ ವಾಸನೆ ಘಟಕದವರಿಗೆ ಇದ್ದದ್ದೇ ಅಂದುಕೊಂಡೆ.

ಆ ದಿನ ನಾನು ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸಿಗೆ ಕಾಯುತ್ತಿದ್ದೆ. ಗಡಿಯಾರದಲ್ಲಿ ಹತ್ತು ಹೊಡೆದಿತ್ತು. ಬಸ್ಸು ಬರಲಿಲ್ಲ, ಅಪ್ಪನಿಗೆ ಫೋನು ಹಚ್ಚಿದೆ.

"ಉಂಡಿಯೇನಪ್ಪಾ?"

"ಉಂಡ್ನಿ. ರೊಟ್ಟಿ ಕಟ್ಟಿದ್ಲಲ್ಲ ನಿಮ್ಮವ್ವ."

"ತಲಿನೋವು ಹ್ಯಾಂಗೈತಿ?"

"ಐತಿ ಬಿಡು, ಬಿಸಲಿಗೆ. ಆದ್ರ ಒಂದು ಚಲೋ ಆತವ್ವಾ. ಆ ಹೊಲಸು ವಾಸನಿ ನಿಂತೈತಿ. ಮೊದಲ ನೀರು ಬಿಡಾಕ ಕುಂತ್ರ ಮೂಗು ಹಿಡಕೊಂಡ ಕುಂದ್ರಬೇಕಿತ್ತು. ಈಗ ಕುಂತ ಒಂದು ಗಳಿಗಿ ಬರ್ತೈತಿ, ಆಮ್ಯಾಲ ಹೋಗೇ ಬಿಡ್ತೈತಿ. ನಿರುಮ್ಮಳ ಕುಂತು ಮಾಡ್ತೀನಿ."

"ಚಲೋ ಆತು ಬಿಡಪ್ಪಾ" ಅಂದೆ ನಾನು, ಫೋನು ಇಟ್ಟೆ.

ಚಹಾ ತಗೊಂಡೆ. ಎರಡನೇ ಗುಟುಕು ಗಂಟಲಲ್ಲಿ ಇರುವಾಗ ನನಗೆ ಅದು ಹೊಳೆಯಿತು. ಲೋಟ ಕೈಯಿಂದ ಜಾರಿ ಕಾಲ ಮೇಲೆ ಚೆಲ್ಲಿತು, ಸುಟ್ಟದ್ದು ಗೊತ್ತಾಗಲಿಲ್ಲ.

ಆ ಗ್ಯಾಸಿನ ಜೊತೆ ಒಂದು ವಿಷ ಬೆರೆತಿರುತ್ತದೆ. ಕೆಟ್ಟ ತತ್ತಿಯ ವಾಸನೆ ಅದರದ್ದೇ. ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹೋಗಿ ತುಂಬಿಕೊಳ್ಳುತ್ತದೆ. ಸ್ವಲ್ಪ ಇದ್ದಾಗ ಮೂಗಿಗೆ ಹೊಡೆಯುತ್ತದೆ, ಹೆಚ್ಚಾದಾಗ ಮೊದಲು ಮೂಗನ್ನೇ ಸಾಯಿಸುತ್ತದೆ, ಆಮೇಲೆ ಮನುಷ್ಯನನ್ನು. ಹೊಸದಾಗಿ ಸೇರಿದವರಿಗೆ ಪಾಠ ಮಾಡುವವಳು ನಾನೇ. ವಾಸನೆ ಬಂದರೆ ಹುಷಾರಾಗಿರಿ, ವಾಸನೆ ಒಮ್ಮೆಲೆ ನಿಂತರೆ ಓಡಿ ಎಂದು ಎಷ್ಟು ಸಲ ಹೇಳಿದ್ದೇನೋ. ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಮನೆಯವನಲ್ಲವೇ, ನಿಧಾನವಾಗಿ ಹೇಳಿದರಾಯಿತು ಎಂದು ಬಿಟ್ಟಿದ್ದೆ.

ಗ್ಯಾಸು ಎಲ್ಲಿಗೆ ಹೋಗುತ್ತಿತ್ತು ಎಂಬುದು ಆಗ ಗೊತ್ತಾಯಿತು. ಅಪ್ಪ ಬಾಗಿದ ತುಂಡಿನ ನೀರು ಪೂರಾ ಖಾಲಿ ಮಾಡಿದ ಕೂಡಲೇ ಬಾಗಿಲು ತೆರೆದಂತಾಗಿ, ಗ್ಯಾಸು ಮೀಟರಿಗೆ ಹೋಗುವ ಮೊದಲೇ ಕುಣಿಗೆ ಸುರಿಯುತ್ತಿತ್ತು. ಚಳಿಗಾಲದಲ್ಲಿ ಬೇಗ ಹನಿಗಟ್ಟಿ ತುಂಡು ಮತ್ತೆ ತುಂಬುತ್ತಿತ್ತು. ಬೇಸಿಗೆಯಲ್ಲಿ ತುಂಬಲು ತಾಸುಗಟ್ಟಲೆ ಹಿಡಿಯುತ್ತಿತ್ತು. ಮೀಟರು ಅದನ್ನು ದಿನದಿನವೂ ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ.

ಅಪ್ಪನಿಗೆ ಮತ್ತೆ ಫೋನು ಹಚ್ಚಿದೆ. ಬಡಿಯಿತು, ಬಡಿಯಿತು, ನಿಂತಿತು. ಆಗಲೇ ಒಳಗೆ ಹೋಗಿಬಿಟ್ಟಿದ್ದ. ಗ್ಯಾಸು ಇರುವ ಕಡೆ ಫೋನು ಒಯ್ಯಬಾರದೆಂದು ಗೇಟಿನ ಪೆಟ್ಟಿಗೆಯಲ್ಲಿ ಇಟ್ಟು ಹೋಗಬೇಕು, ಅದೂ ನಾನೇ ಮಾಡಿಸಿದ ನಿಯಮ. ಎಂಜಿನ್ನಿನ ಹಿರಿಯರಿಗೆ ಹಚ್ಚಿದೆ. ಅವರದ್ದೂ ಅದೇ ಪೆಟ್ಟಿಗೆಯಲ್ಲಿ. ಸಾಹೇಬರದ್ದು ಸ್ವಿಚ್ ಆಫ್.

ಒಂದು ಆಟೋ ಹತ್ತಿ, "ಬೇರೆ ಯಾರನ್ನೂ ಹತ್ತಿಸಬ್ಯಾಡ್ರಿ, ಓಡಿಸ್ರಿ" ಅಂದೆ. ಆ ದಾರಿ ನನಗೆ ಅಂಗೈಯಷ್ಟು ಪರಿಚಯ. ಆ ದಿನ ಅದು ಮುಗಿಯಲೇ ಇಲ್ಲ. ಹತ್ತಿ ಹೊಲಗಳು ಖಾಲಿ ಬಿದ್ದಿದ್ದವು. ಒಂದು ಕಡೆ ಕುರಿ ಹಿಂಡು ಅಡ್ಡ ಬಂತು. ಕುರಿಗಳು ದಾಟುತ್ತಲೇ ಇದ್ದವು, ಕಾಯುವವನು ನಿಂತು ತಂಬಾಕು ತಿಕ್ಕುತ್ತಿದ್ದ. ನಾನು ಆಟೋದಿಂದ ಇಳಿದು ಕುರಿಗಳನ್ನು ಕೈಯಿಂದ ದಬ್ಬಿದೆ. ಚಾಲಕ ನನ್ನನ್ನು ನೋಡಿ, "ಆಸ್ಪತ್ರಿಗೇನ್ರೀ?" ಎಂದು ಕೇಳಿದ. "ಅಲ್ಲಿಗೆ ಹೋಗೋದು ತಪ್ಪಿಸಾಕ" ಅಂದೆ. ಅವನು ವೇಗ ಹೆಚ್ಚಿಸಿದ. ಐದೈದು ನಿಮಿಷಕ್ಕೆ ಫೋನಿನಲ್ಲಿ ಗಂಟೆ ನೋಡುತ್ತಿದ್ದೆ. ಅಪ್ಪ ಇವತ್ತಾದರೂ ತಡಮಾಡಲಿ, ಯಾರಾದರೂ ಬಂದು ಮಾತಿಗೆ ಎಳೆಯಲಿ, ಸೋಮಾರಿಯಾಗಲಿ ಎಂದು ಕಂಡ ಗುಡಿಗೆ, ಕಂಡ ದರ್ಗಾಕ್ಕೆ ಕೈಮುಗಿದೆ. ಅಪ್ಪ ತಡಮಾಡುವ ಪೈಕಿ ಅಲ್ಲ ಎಂಬುದೂ ಗೊತ್ತಿತ್ತು.

ಗೇಟು ಮುಟ್ಟಿದಾಗ ಹನ್ನೊಂದು ದಾಟಿ ಹತ್ತು ನಿಮಿಷ.

ಗುಮ್ಮಟದ ಹಿಂದೆ ಓಡಿದೆ. ಅಪ್ಪ ಕುಣಿಯ ಅಂಚಿನಲ್ಲಿ ಕೂತಿದ್ದ. ಬೆನ್ನು ನನ್ನ ಕಡೆ, ಕಾಲು ಒಳಗೆ, ತಲೆ ಎದೆಗೆ ಬಾಗಿತ್ತು. ನಲವತ್ತು ವರ್ಷ ಅವನು ಮಗ್ಗದ ಮುಂದೆ ಬಾಗುತ್ತಿದ್ದುದು ಹಾಗೆಯೇ. ಕೆಲಸ ಮಾಡುತ್ತಿದ್ದಾನೋ, ಏನಾಗಿದೆಯೋ, ಬೆನ್ನು ನೋಡಿ ಹೇಳುವಂತಿರಲಿಲ್ಲ.

"ಅಪ್ಪಾ!"

ತಿರುಗಲಿಲ್ಲ.

ಚೀಲದಲ್ಲಿದ್ದ ನನ್ನ ಪುಟ್ಟ ಗ್ಯಾಸ್ ಅಲಾರಂ ಹತ್ತು ಹೆಜ್ಜೆ ದೂರದಿಂದಲೇ ಕಿರುಚಲು ಶುರುಮಾಡಿತು. ನಾನು ನಿಂತೆ. ಇದನ್ನೂ ಬರೆಯಬೇಕು: ನಾನು ನಿಂತುಬಿಟ್ಟೆ. ಬಿದ್ದವರನ್ನು ಎತ್ತಲು ಒಬ್ಬರೇ ನುಗ್ಗಬಾರದು, ನುಗ್ಗಿದವರೂ ಅಲ್ಲೇ ಬೀಳುತ್ತಾರೆ ಎಂದು ನಮಗೆ ಕಲಿಸಿರುತ್ತಾರೆ. ನಾನು ನಿಂತದ್ದು ಆ ಪಾಠ ನೆನಪಾಗಿಯೋ, ಬರೀ ಅಂಜಿಕೆಯಿಂದಲೋ, ನನಗೆ ಗೊತ್ತಿಲ್ಲ. ಎಷ್ಟು ಹೊತ್ತು ನಿಂತಿದ್ದೆ ಎಂಬುದೂ ಗೊತ್ತಿಲ್ಲ. ಆಮೇಲೆ ಎಂಜಿನ್ ಕೋಣೆಗೆ ಓಡಿ ಹಿರಿಯರ ಕಿವಿಯ ಮುಚ್ಚಳ ಕಿತ್ತು ಅವರ ತೋಳು ಹಿಡಿದು ಎಳೆದೆ. ಗಾಳಿ ಬೀಸುವ ಕಡೆಯಿಂದ ಬಂದು, ಇಬ್ಬರೂ ಉಸಿರು ಹಿಡಿದು, ಅಪ್ಪನ ಎರಡೂ ಕಂಕುಳಿಗೆ ಕೈಹಾಕಿ ಹಿಂದಕ್ಕೆ ಎಳೆದೆವು. ಅಪ್ಪ ತೂಕದ ಮನುಷ್ಯ ಅಲ್ಲ. ಆ ದಿನ ಒದ್ದೆ ನೂಲಿನ ಮೂಟೆಯ ಹಾಗೆ ಭಾರವಾಗಿದ್ದ. ಬೇವಿನ ಮರದ ತನಕ ಎಳೆದುಕೊಂಡು ಹೋಗಿ ಮಲಗಿಸಿದೆವು.

ತುಟಿ ನೀಲಿಯಾಗಿತ್ತು. ಹಿರಿಯರು ಅಂಗಿ ಹರಿದು ಎದೆ ತಿಕ್ಕಿದರು. ನಾನು ಅವನ ಮುಖದ ಮೇಲೆ ನನ್ನ ಮುಖ ಇಟ್ಟು ಉಸಿರು ಹುಡುಕಿದೆ. ಇತ್ತು. ತೆಳ್ಳಗೆ, ಆದರೆ ಇತ್ತು. ಸ್ವಲ್ಪ ಹೊತ್ತಿಗೆ ಕೆಮ್ಮಿದ, ಮಗ್ಗುಲಾಗಿ ಕಾರಿಕೊಂಡ. "ಏಂ ಕಾದಮ್ಮಾ, ಏಂ ಕಾದು" ಎಂದು ಹಿರಿಯರು ನನ್ನ ತಲೆ ಸವರುತ್ತಿದ್ದರು, ಏನೂ ಆಗುವುದಿಲ್ಲ ಎಂದು. ಅಪ್ಪ ಕಣ್ಣು ಬಿಟ್ಟು ನನ್ನನ್ನು ನೋಡಿದ, ಗುರುತು ಹಿಡಿಯಲು ಕೆಲಹೊತ್ತು ಬೇಕಾಯಿತು.

"ನೀರು ಪೂರಾ ಹೋತೇನವ್ವಾ?" ಎಂದು ಕೇಳಿದ.

ನಾನು ಗಟ್ಟಿಯಾಗಿ ಅಳಲು ಶುರುಮಾಡಿದ್ದು ಆಗಲೇ.

ಆಸ್ಪತ್ರೆಯಲ್ಲಿ ಎರಡು ದಿನ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಮರುದಿನ ಮಧ್ಯಾಹ್ನ ಅವ್ವ ಗಂಜಿ ತರಲು ಹೊರಗೆ ಹೋದಳು, ನಾವಿಬ್ಬರೇ ಉಳಿದೆವು. ಅಪ್ಪ ಬಹಳ ಹೊತ್ತು ಮೇಲಿನ ಫ್ಯಾನು ನೋಡುತ್ತಾ ಮಲಗಿದ್ದ. ಅವನು ಲೆಕ್ಕ ಹಾಕುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ದಿನಾ ಅಂಕಿ ಬರೆದಿಡುತ್ತಿದ್ದವನು ಅವನೇ ಅಲ್ಲವೇ.

"ಗ್ಯಾಸು ಇತ್ತಾಗ ಸೋರಿದ್ರ, ಮೀಟರ್ ಕಡಿಮಿ ತೋರಸಬೇಕಲ್ಲ?" ಅಂದ.

"ತೋರಸ್ತಪ್ಪಾ."

"ನಾ ಬರದ ಪುಸ್ತಕದಾಗ ನಡುವ ಸ್ವಲ್ಪ ದಿನ ಇಳದಿತ್ತು. ಆಮ್ಯಾಲ ಮತ್ತ ಮೊದಲಿನಂಗ ಆತು."

ಸುಳ್ಳು ಹೇಳಬಹುದಿತ್ತು. ಅವನು ನಂಬುತ್ತಿದ್ದ. ಅದಕ್ಕೇ ಹೇಳಲಾಗಲಿಲ್ಲ. "ಇಳದದ್ದ ಖರೆ ಇತ್ತು. ನಾನ ತಿದ್ದಿದೆ. ಸಾಹೇಬ್ರು ಅಂದ್ರು ಅಂತ ಅಂಜಿ ತಿದ್ದಿದೆ" ಅಂದೆ.

ಅಪ್ಪ ನನ್ನ ಕಡೆ ತಿರುಗಲಿಲ್ಲ. ಬಯ್ಯಲಿ ಎಂದು ಕಾದೆ. ಜಗಳಗಂಟ ಅಪ್ಪ, ಉಪ್ಪು ಹೆಚ್ಚಾದರೆ ಓಣಿಗೆಲ್ಲ ಕೇಳುವಂತೆ ಕೂಗುವ ಅಪ್ಪ, ಒಂದು ಮಾತೂ ಆಡಲಿಲ್ಲ. ಹೊರಗೆ ಅವ್ವನ ಚಪ್ಪಲಿ ಸಪ್ಪಳ ಕೇಳಿದಾಗ, ಅವಸರವಾಗಿ, ಸಣ್ಣ ದನಿಯಲ್ಲಿ, "ನಿಮ್ಮವ್ವಗ ಹೇಳಬ್ಯಾಡ" ಅಂದ.

ಘಟಕಕ್ಕೆ ಹೋಗಿ ಗುಣಕವನ್ನು ಮೊದಲಿನ ಜಾಗಕ್ಕೆ ತಂದೆ. ನಾನು ಮಾಡಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಸಾಹೇಬರು ಓದಿ ತಲೆ ತಗ್ಗಿಸಿದರು. ತಳದ ನಲ್ಲಿಗೆ ಬೀಗ ಬಿತ್ತು, ಕುಣಿಯ ಸುತ್ತ ಕಟಕಟೆ ಎದ್ದಿತು. ನನ್ನ ಕೆಲಸ ಉಳಿಯಿತು, ಯಾಕೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಅಪ್ಪ ಮತ್ತೆ ಅಲ್ಲಿಗೆ ಹೋಗಲಿಲ್ಲ. ಈಗ ಮನೆಯಲ್ಲಿ ಕೂತು ಓಣಿಯ ನೇಕಾರರಿಗೆ ನೂಲು ಸುತ್ತಿಕೊಡುತ್ತಾನೆ.

ಅವ್ವನ ಬಾಯಿಗೆ ಮಾತ್ರ ಬೀಗ ಇಲ್ಲ. ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲೇ ಶುರು: "ನನ್ನ ಮಗಳು ನೋಡ್ರಿ, ಮಕ್ತಲದಾಗ ಕುಂತು ಫೋನಿನ್ಯಾಗ ಕೇಳಿ ಕಂಡುಹಿಡದ್ಲು. ಓಡಿಬಂದು ಅವರ ಜೀವ ಉಳಿಸಿದ್ಲು. ಇಂಥ ಮಗಳು ಯಾರಿಗದಾಳ್ರೀ?" ಬಂದವರು ನನ್ನ ಕಡೆ ತಿರುಗುತ್ತಾರೆ. ಅಪ್ಪ ಇವತ್ತು ಹೇಳಿಬಿಡುತ್ತಾನೆ, ಸಿಟ್ಟಿನಲ್ಲೋ ಬೇಸರದಲ್ಲೋ ಹೇಳಿಬಿಡುತ್ತಾನೆ ಎಂದು ಪ್ರತಿ ಸಲವೂ ಉಸಿರು ಹಿಡಿದು ಕೂರುತ್ತೇನೆ. ಬಂದವರು ಅವನನ್ನೂ ಕೇಳುತ್ತಾರೆ, "ಹೌದೇನ್ರೀ?"

"ಹೌದ್ರಿ, ಆಕಿನ ಉಳಿಸಿದ್ಲು" ಅನ್ನುತ್ತಾನೆ ಅಪ್ಪ, ಗಟ್ಟಿಯಾಗಿ, ನನ್ನ ಮುಖ ನೋಡದೆ.